ಇಪ್ಪತ್ತಾರಕ್ಕೇ ತಡವಾಯಿತೆನ್ನುವ ಪುಟ್ಟಿಗೆ

ಪ್ರೀತಿಯ ಪುಟ್ಟೀ,

ರೆಕಾರ್ಡ್ ಮಾಡಿಟ್ಟ ಹಾಡುಗಳು ಹೊರಗೆ ಬರುವುದಿಲ್ಲವಂತೆ, ವಯಸ್ಸು ಇಪ್ಪತ್ತಾರಾಯಿತು, ಇನ್ನೇನು ಉಳಿಯಿತು ದೊಡ್ಡಮ್ಮ ಅಂದೆಯಲ್ಲ. ಫೋನಿನಲ್ಲಿ ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಬೆಟ್ಟಿ ಲವೆಟ್ ಎಂಬ ಗಾಯಕಿಯ ವಿಷಯ ನಿನಗೆ ಹೇಳಬೇಕು.

ಆಕೆ ಹುಟ್ಟಿದ್ದು 1946ರಲ್ಲಿ, ಅಮೆರಿಕದ ಮಿಷಿಗನ್ ರಾಜ್ಯದ ಮಸ್ಕೀಗನ್‌ನಲ್ಲಿ, ಬೆಳೆದದ್ದು ಡೆಟ್ರಾಯಿಟ್‌ನಲ್ಲಿ. ಆ ಕಾಲದ ಸೋಲ್ ಗಾಯಕರಲ್ಲಿ ಬಹುಪಾಲು ಜನ ಚರ್ಚಿನಲ್ಲಿ ಹಾಡಿ ಹಾಡಿ ಬಂದವರು. ಇವಳದು ಬೇರೆ ದಾರಿ. ಅಪ್ಪ ಅಮ್ಮ ಮನೆಯಲ್ಲೇ ಜೋಳದ ಸಾರಾಯಿ ಮಾರುತ್ತಿದ್ದರು, ಬಂದವರಿಗೆಂದು ನಡುಮನೆಯಲ್ಲಿ ಒಂದು ಜೂಕ್‌ಬಾಕ್ಸ್ ಇತ್ತು. ಬ್ಲೂಸು, ಕಂಟ್ರಿ, ಗಾಸ್ಪೆಲ್ ಎಲ್ಲ ಅದರಿಂದಲೇ ಕಿವಿಗೆ ಬಿತ್ತು. 1962ರಲ್ಲಿ, ಹದಿನಾರರ ಹುಡುಗಿಯಾಗಿದ್ದಾಗ, ಕೈಯಲ್ಲಿ ಪುಟ್ಟ ಕೂಸೂ ಇದ್ದಾಗ, ಆಕೆಯ ಮೊದಲ ಹಾಡು ಅಟ್ಲಾಂಟಿಕ್ ಕಂಪನಿಯಿಂದ ಬಂದು ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಏಳನೆಯ ಸ್ಥಾನಕ್ಕೇರಿತು. ಇನ್ನು ತಿರುಗಿ ನೋಡಬೇಕಾಗಿಲ್ಲ ಅಂತ ಯಾರಿಗಾದರೂ ಅನ್ನಿಸಬೇಕು.

ಆದರೆ ಹಾಗಾಗಲಿಲ್ಲ. ಒಂದು ಕಂಪನಿ ಬಿಟ್ಟು ಇನ್ನೊಂದು, ಒಂದು ಬಿಡಿ ಹಾಡು ಬಿಟ್ಟು ಇನ್ನೊಂದು. 1972ರಲ್ಲಿ ಅಲಬಾಮಾದ ಮಸಲ್ ಶೋಲ್ಸ್ ಎಂಬ ಸಣ್ಣ ಊರಿಗೆ ಹೋಗಿ ಒಂದು ಪೂರ್ತಿ ಆಲ್ಬಮ್ ಮಾಡಿದಳು. ಅರೀತಾ ಫ್ರಾಂಕ್ಲಿನ್, ವಿಲ್ಸನ್ ಪಿಕೆಟ್ ಅಂಥವರ ಹಾಡುಗಳಿಗೆ ನುಡಿಸಿದ ಕೈಗಳಿದ್ದ ಊರು ಅದು. ಎಲ್ಲ ಸಿದ್ಧವಾದ ಮೇಲೆ ಕಂಪನಿಯವರು ಆಲ್ಬಮ್ ತರುವುದಿಲ್ಲ ಅಂದರು. ಸಮರ್ಪಕ ಕಾರಣವನ್ನೂ ಕೊಡಲಿಲ್ಲ. ಆಗ ಆಕೆಯ ವಯಸ್ಸೆಷ್ಟು ಲೆಕ್ಕ ಹಾಕು, ಪುಟ್ಟೀ. ನಿನ್ನಷ್ಟೇ. ಆ ಸುದ್ದಿ ಕೇಳಿ ಊಟದ ಮೇಜಿನಡಿ ಸೇರಿಕೊಂಡವಳು ದಿನಗಟ್ಟಲೆ ಹೊರಗೆ ಬರಲಿಲ್ಲವಂತೆ. ನೀನೂ ಬೇಕಾದಷ್ಟು ಅತ್ತುಬಿಡು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಆಕೆಯ ಹೆಸರಿನಲ್ಲಿ ಮೊದಲ ಆಲ್ಬಮ್ ಅಂಗಡಿಗೆ ಬಂದದ್ದು 1982ರಲ್ಲಿ, ಮೊದಲ ಹಾಡು ಬಂದ ಇಪ್ಪತ್ತು ವರ್ಷಕ್ಕೆ. ಅದೂ ಹೆಚ್ಚು ನಡೆಯಲಿಲ್ಲ. ನಡುವೆ ಒಂದು ಸಂಗೀತ ನಾಟಕದ ತಂಡದೊಂದಿಗೆ ಊರೂರು ತಿರುಗಿದಳು. ಉಳಿದಂತೆ ಡೆಟ್ರಾಯಿಟ್‌ನ ಸಣ್ಣ ಕ್ಲಬ್ಬುಗಳು, ಕಡಿಮೆ ಕಾಸು, ಉಂಡು ಕುಡಿದು ಮಾತಾಡುವ ಮಂದಿಯ ಎದುರು ಹಾಡು.

ಕಷ್ಟವೇ ಆಕೆಯನ್ನು ದೊಡ್ಡ ಗಾಯಕಿಯಾಗಿ ಮಾಡಿತು ಅಂತ ಬರೆಯುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಆಕೆಗೆ ಆದದ್ದು ಅನ್ಯಾಯ, ಅದನ್ನು ಅನ್ಯಾಯ ಅಂತಲೇ ಕರೆಯಬೇಕು. ಆಕೆಯನ್ನು ಕಾಪಾಡಿದ್ದು ಮ್ಯಾನೇಜರ್ ಜಿಮ್ ಲೂಯಿಸ್ ಹಟ ಹಿಡಿದು ಕಲಿಸಿದ ಕಸುಬು. ನೀನು ತಾರೆ ಆಗದೆಯೂ ಹೋಗಬಹುದು, ಆದರೆ ಹಾಡುಗಳನ್ನು ಕಲಿತರೆ ಬದುಕಿಡೀ ಹಾಡಬಹುದು ಅನ್ನುವುದು ಆತನ ಲೆಕ್ಕ. ಕುಣಿದು ರಂಜಿಸಿದರೆ ಸಾಕು ಅಂದುಕೊಂಡಿದ್ದ ಹುಡುಗಿಗೆ ಹಳೆಯ ಹಾಡುಗಳನ್ನು ಕಲಿಸಿ, ಪದದ ಅರ್ಥ ತಿಳಿದು ಹಾಡುವಂತೆ ಮಾಡಿದ. ತಡವಾಗಿ ಬಂದ ಹೆಸರು ನಿಂತದ್ದು ಈ ಪಾಠದ ಮೇಲೆ.

ಆಕೆ ತನ್ನನ್ನು ಹಾಡು ಬರೆಯುವವಳೆಂದು ಹೇಳಿಕೊಂಡವಳಲ್ಲ. ಬೇರೆಯವರ ಹಾಡನ್ನು ಎತ್ತಿಕೊಂಡು, ಲಯ ನಿಧಾನಿಸಿ, ಸಾಲುಗಳನ್ನು ಒಡೆದು, ಬೇಕಾದಲ್ಲಿ ಪದವನ್ನೇ ಬದಲಿಸಿ ತನ್ನದಾಗಿಸಿಕೊಳ್ಳುತ್ತಾಳೆ. ಅರ್ಧ ಮಾತು, ಅರ್ಧ ರಾಗ. ಗಂಟಲು ಒರಟು, ಆದರೆ ಒಂದು ಪದವೂ ಅಡ್ಡಾದಿಡ್ಡಿ ಬೀಳುವುದಿಲ್ಲ. 2005ರಲ್ಲಿ ಮಹಿಳೆಯರು ಬರೆದ ಹಾಡುಗಳನ್ನೇ ಆರಿಸಿ ಮಾಡಿದ ಆಲ್ಬಮ್ಮಿನ ಮೊದಲ ಹಾಡಿಗೆ ವಾದ್ಯವೇ ಇಲ್ಲ, ಬರೀ ದನಿ. ಐವತ್ತೊಂಬತ್ತರ ಹೆಂಗಸು ಹಾಗೆ ಬರಿಗೈಯಲ್ಲಿ ಶುರುಮಾಡುವ ಧೈರ್ಯ ನನಗೆ ಪ್ರತಿ ಸಲವೂ ರೋಮಾಂಚನ ತರುತ್ತದೆ.

ಮೂಲೆ ಸೇರಿದ್ದ ಆ 1972ರ ಹಾಡುಗಳನ್ನು ಫ್ರಾನ್ಸಿನ ಸಂಗ್ರಾಹಕ ಜಿಲ್ ಪೆತಾರ್ ಹುಡುಕಿ, 2000ದಲ್ಲಿ ಹೊರತಂದ. ಜನ ಕಿವಿಗೊಟ್ಟರು. 2007ರಲ್ಲಿ ಆಕೆ ಮತ್ತೆ ಮಸಲ್ ಶೋಲ್ಸ್‌ಗೆ ಹೋಗಿ, ಡ್ರೈವ್-ಬೈ ಟ್ರಕರ್ಸ್ ತಂಡದೊಂದಿಗೆ ಹಾಡಿದಳು. ತಂಡದ ಪ್ಯಾಟರ್ಸನ್ ಹುಡ್‌ನ ಅಪ್ಪ ಡೇವಿಡ್ ಹುಡ್ ಆ ಊರಿನ ಹೆಸರಾಂತ ಬೇಸ್ ವಾದಕ. ಮರುವರ್ಷ ಕೆನಡಿ ಸೆಂಟರ್ ಗೌರವ ಸಮಾರಂಭದಲ್ಲಿ ದ ಹೂ ತಂಡದ ರಾಕ್ ಹಾಡೊಂದನ್ನು ಅದೇ ತಂಡದ ಪೀಟ್ ಟೌನ್‌ಶೆಂಡ್, ರೋಜರ್ ಡಾಲ್ಟ್ರಿಯವರ ಎದುರಿಗೇ ಹಾಡಿದಳು. ಅದನ್ನು ನೋಡಲೇಬೇಕು ನೀನು. ಅವರದೇ ಹಾಡನ್ನು ಅವರು ಹೊಸದಾಗಿ ಕೇಳಿಸಿಕೊಂಡ ಹಾಗಿದೆ. 2009ರ ಜನವರಿಯಲ್ಲಿ ಒಬಾಮ ಪ್ರಮಾಣವಚನಕ್ಕೆ ಮುಂಚೆ, ಲಿಂಕನ್ ಸ್ಮಾರಕದ ಮುಂದೆ ಜಾನ್ ಬಾನ್ ಜೋವಿ ಜೊತೆ ಸ್ಯಾಮ್ ಕುಕ್‌ನ ಹಾಡು. 2020ರಲ್ಲಿ ಬ್ಲೂಸ್ ಹಾಲ್ ಆಫ್ ಫೇಮ್. 2023ರಲ್ಲಿ, ಎಪ್ಪತ್ತೇಳನೆಯ ವಯಸ್ಸಿನಲ್ಲಿ, ಇನ್ನೊಂದು ಆಲ್ಬಮ್.

ನಿನಗೂ ಹೀಗೇ ಆಗುತ್ತದೆ ಅಂತ ನಾನು ಮಾತು ಕೊಡಲಾರೆ, ಮಗಳೇ. ಹಳೆಯ ಟೇಪು ಹುಡುಕಿಕೊಂಡು ಎಲ್ಲರ ಬಾಗಿಲಿಗೂ ಒಬ್ಬ ಪೆತಾರ್ ಬರುವುದಿಲ್ಲ. ಆದರೆ ಆತ ಬರುವ ಮುಂಚಿನ ವರ್ಷಗಳಲ್ಲೂ ಆಕೆ ಗಾಯಕಿಯೇ ಆಗಿದ್ದಳು, ಸಣ್ಣ ಕ್ಲಬ್ಬಿನಲ್ಲೂ ಪೂರ್ತಿ ಹಾಡುತ್ತಿದ್ದಳು. ನೀನು ಹೇಗಿರಬೇಕೆಂದು ನನ್ನ ಆಸೆ ಅಂದರೆ ಹಾಗೆ.

ಈ ವಾರ ಒಂದು ಕೆಲಸ ಮಾಡು. ಆಕೆಯ 1972ರ ಹಾಡುಗಳನ್ನೂ 2007ರವನ್ನೂ ಒಂದಾದ ಮೇಲೊಂದು ಕೇಳು, ದನಿ ಎಲ್ಲಿ ಬದಲಾಗಿದೆ, ಉಸಿರು ಎಲ್ಲಿ ತೆಗೆದುಕೊಳ್ಳುತ್ತಾಳೆ ಅಂತ ಗುರುತು ಹಾಕಿಕೋ. ಆಮೇಲೆ ನಿನ್ನ ಆ ಹಾಡುಗಳನ್ನು ನನಗೆ ಕಳಿಸು. ಕಂಪನಿಗೆ ಬೇಡವಾದರೂ ನನಗೆ ಬೇಕು. ಹಬ್ಬಕ್ಕೆ ಬಂದಾಗ ಕೂತು ಒಂದೊಂದನ್ನೇ ಕೇಳೋಣ.

ನಿನ್ನ,
ದೊಡ್ಡಮ್ಮ