ನಿದ್ದೆ ಕೆಡಿಸುವ ಕಾದಂಬರಿಯನ್ನು ಆರಿಸೋದು ಹೇಗೆ?

"ಒಂದು ಒಳ್ಳೆ ಕಾದಂಬರಿ ಹೇಳಿ, ಓದಿದ ಮೇಲೆ ಎರಡು ದಿನ ತಲೆಯಲ್ಲೇ ಕೂತಿರಬೇಕು" ಅಂತ ಕೇಳೋರು ನಮ್ಮಲ್ಲಿ ಕಡಿಮೆ ಏನಿಲ್ಲ. ಇಂಗ್ಲಿಷ್‌ನಲ್ಲಾದ್ರೆ ಇಂಥ ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ಕನ್ನಡದಲ್ಲಿ ಎಲ್ಲಿಂದ ಶುರು ಮಾಡೋದು ಅನ್ನೋದೇ ಸಮಸ್ಯೆ. ನಮ್ಮಲ್ಲಿ ಬಹಳ ಜನ ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಬಂದವರು. ಪಠ್ಯಪುಸ್ತಕ ಮುಚ್ಚಿದ ದಿನವೇ ಕನ್ನಡ ಓದೂ ನಿಂತುಹೋಗಿರುತ್ತದೆ. ಅಂಥವರಿಗಾಗಿ ಈ ಪುಟ್ಟ ಪಾಠ.

೧. ಹೆದರಿಸೋದು ಬೇರೆ, ಕಲಕೋದು ಬೇರೆ

ರಕ್ತ, ಕೊಲೆ, ದೆವ್ವ ಇರೋ ಪುಸ್ತಕ ಓದುವಾಗ ಎದೆ ಬಡಿದುಕೊಳ್ಳುತ್ತೆ. ಕೊನೆಯ ಪುಟದಲ್ಲಿ ಕೊಲೆಗಾರ ಯಾರು ಅಂತ ಗೊತ್ತಾದ ಕೂಡಲೇ ಲೈಟ್ ಆರಿಸಿ ಮಲಗ್ತೀವಿ. ಕೆಟ್ಟವನು ಸಿಕ್ಕಿಬಿದ್ದ, ಅವನು ನಾವಲ್ಲ, ಅಲ್ಲಿಗೆ ಮುಗೀತು.

ಮನಸ್ಸನ್ನು ನಿಜವಾಗಿ ಕಲಕುವ ಕಾದಂಬರಿಯಲ್ಲಿ ಇಷ್ಟು ಸುಲಭವಾಗಿ ತಪ್ಪಿಸಿಕೊಳ್ಳೋಕೆ ಆಗಲ್ಲ. ಅಲ್ಲಿ ಕೆಟ್ಟದ್ದು ನಡೆಯುತ್ತೆ, ಆದ್ರೆ ಪಕ್ಕದಲ್ಲೇ ಒಬ್ಬ ಒಳ್ಳೆಯ ಮನುಷ್ಯನೂ ನಿಂತಿರ್ತಾನೆ. ಅವನಿಗೆ ಓದು ಇದೆ, ಕರುಣೆ ಇದೆ. ಆದರೂ ಆ ಗಳಿಗೆಯಲ್ಲಿ ಅವನು ಏನೂ ಮಾಡೋದಿಲ್ಲ. ನಮಗೆ ಕಸಿವಿಸಿ ಆಗೋದು ಅವನನ್ನು ನೋಡಿ, ಯಾಕಂದ್ರೆ ಅವನು ನಮ್ಮ ಹಾಗೇ ಇರ್ತಾನೆ. ಆದ್ದರಿಂದ ಪುಸ್ತಕ ಆರಿಸುವಾಗ ಮುಖ್ಯವಾಗಿ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಇದರಲ್ಲಿ ಸುಮ್ಮನೆ ನೋಡುತ್ತಾ ನಿಂತವರು ಯಾರು?

೨. ಈ ಪ್ರಶ್ನೆ ಇಟ್ಟುಕೊಂಡು ಮೂರು ಕಾದಂಬರಿ

ಮೊದಲನೆಯದು ವಿವೇಕ ಶಾನಭಾಗರ 'ಘಾಚರ್ ಘೋಚರ್'. ಚಿಕ್ಕ ಪುಸ್ತಕ, ಇವತ್ತಿನ ಬೆಂಗಳೂರು, ನಾವು ಆಡುವ ಕನ್ನಡಕ್ಕೆ ಹತ್ತಿರದ ಭಾಷೆ. ಹಾಗಾಗಿ ಶುರು ಮಾಡೋಕೆ ಇದೇ ಸರಿ. ಇರುವೆ ಮುತ್ತುವ ಸಣ್ಣ ಮನೆಯಲ್ಲಿದ್ದ ಕುಟುಂಬಕ್ಕೆ ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ದುಡ್ಡು ಬರುತ್ತೆ. ದುಡ್ಡಿನ ಜೊತೆ ಮನೆಯವರ ಸ್ವಭಾವವೂ ಬದಲಾಗುತ್ತೆ. ಒಂದು ದಿನ ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಬಾಗಿಲಿಗೆ ಬರ್ತಾಳೆ. ಮನೆಯವರು ಅವಳನ್ನು ಬೈದು ಓಡಿಸ್ತಾರೆ. ಕಥೆ ಹೇಳುವ ಯುವಕ ಅಲ್ಲೇ ಇದ್ದಾನೆ. ಅವನು ಮೃದು ಸ್ವಭಾವದವನು, ಕಾಫಿ ಹೌಸಿನಲ್ಲಿ ಕೂತು ಯೋಚಿಸುವವನು. ಆದ್ರೆ ಅವನ ಊಟ, ಸಂಬಳ ಎಲ್ಲವೂ ಚಿಕ್ಕಪ್ಪನ ಕೈಯಲ್ಲಿ. ಪೂರ್ತಿ ಕಥೆಯನ್ನು ಅವನ ಮಾತಲ್ಲೇ ಕೇಳೋದ್ರಿಂದ ನಾವೂ ಅವನ ಪರ ವಹಿಸಿಬಿಟ್ಟಿರ್ತೀವಿ. ಕೊನೆಯ ಪುಟದಲ್ಲಿ ಇದರ ಬೆಲೆ ಗೊತ್ತಾಗುತ್ತೆ. ಅದನ್ನು ಇಲ್ಲಿ ಹೇಳಲ್ಲ.

ಎರಡನೆಯದು ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' (1965). ದೂರ್ವಾಸಪುರದ ಅಗ್ರಹಾರದಲ್ಲಿ ಆಚಾರ ಬಿಟ್ಟ ನಾರಣಪ್ಪ ಸಾಯ್ತಾನೆ. ಹೆಣ ಸುಡೋರು ಯಾರು? ಹೆಣ ಎತ್ತೋವರೆಗೆ ಅಗ್ರಹಾರದಲ್ಲಿ ಯಾರೂ ಊಟ ಮಾಡೋ ಹಾಗಿಲ್ಲ. ಎಲ್ಲರೂ ಪ್ರಾಣೇಶಾಚಾರ್ಯರ ಕಡೆ ನೋಡ್ತಾರೆ. ಅವರು ವಿದ್ವಾಂಸರು, ಹಾಸಿಗೆ ಹಿಡಿದ ಹೆಂಡತಿಯನ್ನು ನೋಡಿಕೊಳ್ಳುವ ಸಜ್ಜನರು. ಗ್ರಂಥಗಳನ್ನೆಲ್ಲ ತಿರುವಿ ಹಾಕಿದರೂ ಉತ್ತರ ಸಿಗಲ್ಲ. ಅವರು ಹುಡುಕುತ್ತಲೇ ಇರುವಾಗ ಅಲ್ಲಿ ಹೆಣ ಕೊಳೆಯುತ್ತಾ ಇರುತ್ತೆ. ಇಷ್ಟು ಓದಿದವರಿಗೆ ಎದುರಿಗಿರೋ ಒಂದು ಸರಳ ಕೆಲಸ ಯಾಕೆ ಆಗಲಿಲ್ಲ? ಪ್ರತಿ ಸೆಮಿಸ್ಟರ್ ಓದಿ ಓದಿ ಪಾಸಾಗೋ ನಮಗೆ ಈ ಪ್ರಶ್ನೆ ಚುಚ್ಚದೇ ಇರೋದಿಲ್ಲ. 1970ರಲ್ಲಿ ಇದು ಸಿನಿಮಾ ಆಯ್ತು. ಗಿರೀಶ ಕಾರ್ನಾಡ್ ಆಚಾರ್ಯರಾಗಿ, ಪಿ. ಲಂಕೇಶ್ ನಾರಣಪ್ಪನಾಗಿ ನಟಿಸಿದ್ದಾರೆ. ಆದ್ರೆ ಮೊದಲು ಪುಸ್ತಕ ಓದಿ.

ಮೂರನೆಯದು ಶಿವರಾಮ ಕಾರಂತರ 'ಚೋಮನ ದುಡಿ' (1933). ಚೋಮನಿಗೆ ಇರೋದು ಒಂದೇ ಆಸೆ: ತನ್ನದೇ ಅಂತ ಒಂದು ತುಂಡು ಭೂಮಿ ಉಳಬೇಕು. ಎತ್ತುಗಳಿವೆ, ದುಡಿಯೋ ಮಕ್ಕಳಿದ್ದಾರೆ. ಆದ್ರೆ ಅವನು ಹುಟ್ಟಿದ ಜಾತಿಗೆ ಬೇಸಾಯ ಮಾಡೋ ಹಕ್ಕಿಲ್ಲ ಅನ್ನುತ್ತೆ ಊರು. ಒಡೆಯ ಸಂಕಪ್ಪಯ್ಯ ಕ್ರೂರಿ ಅಲ್ಲ, ಅವನಿಗೆ ಚೋಮನ ಮೇಲೆ ಮರುಕ ಇದೆ. ಆದ್ರೆ ಮನೆಯಲ್ಲಿ ತಾಯಿ ಬೇಡ ಅಂದ ಮೇಲೆ ಆ ಮರುಕ ಅಲ್ಲಿಗೇ ನಿಲ್ಲುತ್ತೆ. ಮುಂದೆ ಚೋಮನ ಮನೆಯಲ್ಲಿ ಆಗೋ ಒಂದೊಂದು ನಷ್ಟ ಓದುವಾಗಲೂ ಆ ಮರುಕ ನೆನಪಾಗುತ್ತೆ. ಒಳ್ಳೆಯ ಮನಸ್ಸು ಒಂದಿದ್ರೆ ಸಾಕು ಅಂತ ನಂಬಿಕೊಂಡವರು ಇದನ್ನು ಓದಲೇಬೇಕು.

೩. ಓದೋ ಕ್ರಮ

ಬೆನ್ನಪುಟ ನೋಡಿ ಕೊಳ್ಳಬೇಡಿ. ಲೈಬ್ರರಿಯಲ್ಲಿ ನಿಂತುಕೊಂಡೇ ಮೊದಲ ಹತ್ತು ಪುಟ ಓದಿ. ಬರೀ ನೋವನ್ನೇ ಗುಡ್ಡೆ ಹಾಕಿದ್ದು, ನೋವು ತಿನ್ನುವವರಿಗೆ ಒಂದು ಮಾತು, ಒಂದು ನಗು, ಒಂದು ಹಟ ಕೂಡ ಇಲ್ಲದಿದ್ರೆ ಆ ಪುಸ್ತಕ ವಾಪಸ್ ಇಡಬಹುದು. ಚೋಮ ಬರೀ ನರಳೋದಿಲ್ಲ, ಸಿಟ್ಟು ಬಂದಾಗ, ದುಃಖ ಆದಾಗ ದುಡಿ ಬಾರಿಸ್ತಾನೆ. ಅದಕ್ಕೇ ಅವನು ನೆನಪಲ್ಲಿ ಉಳಿಯೋದು.

ಭಾಷೆ ಕಷ್ಟ ಅನ್ನಿಸಿದ್ರೆ ಗಟ್ಟಿಯಾಗಿ ಓದಿ. ದೇವನೂರ ಮಹಾದೇವರ 'ಒಡಲಾಳ'ದ ಮಾತುಗಳು ಕಣ್ಣಿಗೆ ಹೊಸದಾಗಿ ಕಂಡರೂ ಕಿವಿಗೆ ಬಿದ್ದ ಕೂಡಲೇ ಅರ್ಥ ಆಗ್ತವೆ. ಮೈಸೂರು, ಚಾಮರಾಜನಗರ ಕಡೆಯ ಸ್ನೇಹಿತರು ಇದ್ರೆ ಅವರ ಬಾಯಲ್ಲೇ ಓದಿಸಿ ಕೇಳಿ, ಇನ್ನೂ ಚೆನ್ನ.

ಪುಸ್ತಕದ ವಿಷಯ ನಿಮ್ಮದೇ ಹಸಿ ಗಾಯಕ್ಕೆ ತಾಗಿದ್ರೆ ಮುಚ್ಚಿಡಿ. ಆರು ತಿಂಗಳ ನಂತರವೂ ಅದು ಅಲ್ಲೇ ಇರುತ್ತೆ. ಓದು ಪರೀಕ್ಷೆ ಅಲ್ಲ, ಬ್ಯಾಕ್‌ಲಾಗ್ ಬರಲ್ಲ.

ಸಾಧ್ಯವಾದ್ರೆ ಇಬ್ಬರು ಒಂದೇ ಪುಸ್ತಕ ಓದಿ. ಮುಗಿದ ಮೇಲೆ "ಚೆನ್ನಾಗಿತ್ತಾ?" ಅಂತ ಕೇಳಬೇಡಿ. "ಅವನು ಯಾವ ಪುಟದಲ್ಲಿ ಬಾಯಿ ಬಿಡಬಹುದಾಗಿತ್ತು?" ಅಂತ ಕೇಳಿ. ಉತ್ತರ ಒಂದೇ ಆಗಿರಲ್ಲ, ಮಜಾ ಇರೋದೂ ಅಲ್ಲೇ.

೪. ಇಷ್ಟು ಕಷ್ಟಪಟ್ಟು ಸಿಗೋದೇನು?

ಸಂಕಪ್ಪಯ್ಯ, ಆಚಾರ್ಯರು, ಕಾಫಿ ಹೌಸಿನ ಯುವಕ ಇವರ ಗುರುತು ಸಿಗುತ್ತೆ. ಹಾಸ್ಟೆಲ್ ರೂಮಿನಲ್ಲಿ ಒಬ್ಬರ ಸೀಟು ಯಾವ ಕೋಟಾದ್ದು ಅಂತ ಜೋಕ್ ಶುರುವಾಗುತ್ತೆ. ಇಬ್ಬರು ನಗ್ತಾರೆ, ಒಬ್ಬರು ತಲೆ ತಗ್ಗಿಸ್ತಾರೆ, ಉಳಿದವರು ಮೊಬೈಲ್ ನೋಡ್ತಾರೆ. ಈ ಕಾದಂಬರಿಗಳನ್ನು ಓದಿದವರಿಗೆ ಆ ಮೊಬೈಲ್ ನೋಡೋ ಜಾಗ ಯಾವುದು ಅಂತ ಚೆನ್ನಾಗಿ ಗೊತ್ತಿರುತ್ತೆ. ಗೊತ್ತಾದ ಮೇಲೆ ಅಲ್ಲಿ ಆರಾಮಾಗಿ ಕೂತಿರೋದು ಕಷ್ಟ. ಕೆಟ್ಟ ನಿದ್ದೆಗೆ ಇಷ್ಟು ಸಿಕ್ಕರೆ ನಷ್ಟವೇನಿಲ್ಲ ಅಂತ ನಮ್ಮ ಅಭಿಪ್ರಾಯ.