ಯಂತ್ರವು ಆಡುವ ಮಾತು

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬುದು ನಮ್ಮ ಹಿರಿಯರ ಅನುಭವದ ನುಡಿ. ಅವರ ಕಾಲದಲ್ಲಿ ಮಾತನಾಡುವವನು ಮನುಷ್ಯನೊಬ್ಬನೇ ಆಗಿದ್ದನು. ಇಂದು ಯಂತ್ರಗಳೂ ನಮ್ಮೊಡನೆ ಮಾತನಾಡುತ್ತಿವೆ. ಗಣಕಯಂತ್ರದ ತೆರೆಯ ಮೇಲೆ ಮೂಡುವ ಸೂಚನೆಗಳನ್ನು ಬಹುಮಟ್ಟಿಗೆ ಯಾರಾದರೊಬ್ಬರು ಮುಂಚಿತವಾಗಿಯೇ ಬರೆದಿಟ್ಟಿರುತ್ತಾರೆ. ಆ ಬರವಣಿಗೆಯೂ ಒಂದು ವಿದ್ಯೆಯೇ ಸರಿ.

ಗಣಕಕ್ಕೆ ಕೆಲಸವನ್ನು ತಿಳಿಸುವ ಆದೇಶಗಳ ಸಮೂಹವನ್ನು ತಂತ್ರಾಂಶವೆನ್ನುತ್ತಾರೆ. ಅದನ್ನು ಗಣಕದೊಳಗೆ ನೆಲೆಗೊಳಿಸುವ ಕಾರ್ಯವೇ ಅನುಸ್ಥಾಪನೆ. ಬಳಕೆಯ ಮಾತಿನಲ್ಲಿ ‘ಇನ್‌ಸ್ಟಾಲ್’ ಮಾಡುವುದು. ಕನ್ನಡದಲ್ಲಿ ಬೆರಳಚ್ಚು ಮಾಡಲು ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶವು 1998ರಲ್ಲಿ ಬಂದಿತು. ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ಸಿದ್ಧಪಡಿಸಿತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವು ಅದಕ್ಕೆ ಆಧಾರವಾಯಿತು. ಆದರೆ ಇಂತಹ ತಂತ್ರಾಂಶದ ಫಲವನ್ನು ಪಡೆಯಬೇಕಾದವನು ಮೊದಲು ಅನುಸ್ಥಾಪನೆಯ ಹೊಸ್ತಿಲನ್ನು ದಾಟಬೇಕು. ಅಲ್ಲಿಯೇ ಎಡವಿದರೆ ಮನೆಯೊಳಗಿನ ಸಂಪತ್ತು ಇದ್ದೂ ಇಲ್ಲದಂತೆ.

ಎಡವುವುದು ಹೇಗೆ? ‘ವಿಂಡೋಸ್’ ವ್ಯವಸ್ಥೆಯಲ್ಲಿ ಅನುಸ್ಥಾಪನೆಯು ಕೆಲವೊಮ್ಮೆ 1603 ಎಂಬ ದೋಷಸಂಖ್ಯೆಯೊಡನೆ ನಿಂತುಬಿಡುತ್ತದೆ. ಆ ಒಂದು ಸಂಖ್ಯೆಗೆ ಕಾರಣಗಳು ಹಲವು. ತಜ್ಞನಿಗೆ ಅದು ಹುಡುಕಾಟದ ಮೊದಲ ಸುಳಿವು. ಸಾಮಾನ್ಯನಿಗೆ ಅದು ಮುಚ್ಚಿದ ಬಾಗಿಲು. ತಪ್ಪು ತನ್ನದೇ ಇರಬೇಕೆಂದು ಅವನು ಅಂಜುತ್ತಾನೆ. ಮತ್ತೆ ಆ ಯಂತ್ರವನ್ನು ಮುಟ್ಟಲು ಹಿಂಜರಿಯುತ್ತಾನೆ.

ಒಳ್ಳೆಯ ಸಂದೇಶವು ಮೂರು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಏನಾಯಿತು? ಏಕೆ ಆಯಿತು? ಈಗ ಮಾಡಬೇಕಾದುದೇನು? ಈ ಉದಾಹರಣೆಯನ್ನು ನೋಡಿರಿ: ‘ತಂತ್ರಾಂಶವನ್ನು ಸ್ಥಾಪಿಸಲು ಸ್ಥಳ ಸಾಲದು. 500 ಎಂ.ಬಿ. ಬೇಕು, 200 ಎಂ.ಬಿ. ಮಾತ್ರ ಇದೆ. ಬೇಡದ ಕಡತಗಳನ್ನು ಅಳಿಸಿ ಮತ್ತೆ ಪ್ರಯತ್ನಿಸಿರಿ. ನಿಮ್ಮ ಹಳೆಯ ಕಡತಗಳಿಗೆ ಹಾನಿಯಾಗಿಲ್ಲ.’ ಇಲ್ಲಿ ಬೆದರಿಕೆಯಿಲ್ಲ, ನಿಂದೆಯಿಲ್ಲ, ದಾರಿಯಿದೆ, ಧೈರ್ಯವಿದೆ.

ಇಂತಹ ಸಂದೇಶಗಳನ್ನು ಇಂಗ್ಲಿಷಿನಿಂದ ಪದಕ್ಕೆ ಪದವಿಟ್ಟು ಇಳಿಸಿದರೆ ಸಾಲದು. ತಂತ್ರಾಂಶದ ಹೆಸರಿಗಾಗಿ ಖಾಲಿ ಜಾಗ ಬಿಟ್ಟು, ಅದರ ಮುಂದೆ ‘ಅನ್ನು’ ಎಂದು ಬರೆದಿಟ್ಟರೆ ‘ನುಡಿ ಅನ್ನು’, ‘ಬರಹ ಅನ್ನು’ ಎಂಬ ಕುಂಟು ರೂಪಗಳು ಹುಟ್ಟುತ್ತವೆ. ಆಗಮಸಂಧಿಯನ್ನು ಕಲಿತ ನಿಮಗೆ ‘ನುಡಿಯನ್ನು’, ‘ಬರಹವನ್ನು’ ಎಂಬುವೇ ಸರಿಯಾದ ರೂಪಗಳೆಂದು ತಿಳಿದಿದೆ. ಯಂತ್ರಕ್ಕೆ ತಿಳಿಯದು. ಆದುದರಿಂದ ಜಾಣನಾದ ಲೇಖಕನು ‘ನುಡಿ ತಂತ್ರಾಂಶವನ್ನು’, ‘ಬರಹ ತಂತ್ರಾಂಶವನ್ನು’ ಎಂದು ಬರೆಯುತ್ತಾನೆ. ಆಗ ಯಾವ ಹೆಸರು ಬಂದರೂ ವಾಕ್ಯ ಕೆಡುವುದಿಲ್ಲ.

ಗೌರವದ ಪ್ರಶ್ನೆಯೂ ಉಂಟು. ಗುಂಡಿಯ ಮೇಲೆ ಬರೆಯಬೇಕಾದುದು ‘ಉಳಿಸು’ ಎಂದೋ ‘ಉಳಿಸಿ’ ಎಂದೋ? ಗುಂಡಿಯನ್ನು ಒತ್ತಿ ಯಂತ್ರಕ್ಕೆ ಆಜ್ಞೆ ಮಾಡುವವನು ಮನುಷ್ಯನೆಂದು ಭಾವಿಸಿದರೆ ‘ಉಳಿಸು’ ಒಪ್ಪುತ್ತದೆ. ಯಂತ್ರವೇ ಮನುಷ್ಯನನ್ನು ಕೋರುವುದಾದರೆ ‘ಉಳಿಸಿ’ ಎನ್ನುವುದೇ ಸೌಜನ್ಯ. ಎರಡು ಬಗೆಯೂ ಬಳಕೆಯಲ್ಲಿವೆ. ಒಂದನ್ನು ಆರಿಸಿಕೊಂಡು ಕೊನೆಯವರೆಗೂ ಪಾಲಿಸಬೇಕು. ಹಾಗೆಯೇ ‘ಅನುಸ್ಥಾಪನೆಯನ್ನು ರದ್ದುಮಾಡಬೇಕೇ?’ ಎಂದು ಕೇಳಿ, ಉತ್ತರಕ್ಕೆ ‘ಸರಿ’, ‘ರದ್ದು’ ಎಂಬ ಗುಂಡಿಗಳನ್ನಿಟ್ಟರೆ ಓದುಗನು ಗೊಂದಲಕ್ಕೆ ಬೀಳುತ್ತಾನೆ. ರದ್ದಾಗುವುದು ಅನುಸ್ಥಾಪನೆಯೋ, ಪ್ರಶ್ನೆಯೋ? ‘ನಿಲ್ಲಿಸು’, ‘ಮುಂದುವರಿಸು’ ಎಂದರೆ ಸಂದೇಹಕ್ಕೆ ಎಡೆಯಿಲ್ಲ.

ತೆರೆಯ ಮೇಲಿನ ಮಾತು ಯಾರಿಗಾಗಿ ಇದೆ ಎಂಬುದನ್ನು ತಿಳಿಯಲು ತಾಲ್ಲೂಕು ಕಚೇರಿಯ ಕಡೆಗೆ ನೋಡೋಣ. 2000ದ ಆಸುಪಾಸಿನಲ್ಲಿ ಕರ್ನಾಟಕದಲ್ಲಿ ‘ಭೂಮಿ’ ಯೋಜನೆಯು ಜಾರಿಗೆ ಬಂದು, ಸುಮಾರು 2 ಕೋಟಿ ಭೂದಾಖಲೆಗಳು ಗಣಕಕ್ಕೆ ಸೇರಿದವು. ಕೈಬರಹದ ಪಹಣಿಯ ಬದಲು ಅಚ್ಚಾದ ಪಹಣಿ ರೈತನ ಕೈಗೆ ಬಂದಿತು. ಯೋಜನೆಯ ಕೇಂದ್ರಗಳಲ್ಲಿ ನೌಕರನ ಮುಂದಿನ ತೆರೆಯಲ್ಲದೆ, ರೈತನ ಕಡೆಗೆ ತಿರುಗಿಸಿದ ಎರಡನೆಯ ತೆರೆಯನ್ನೂ ಇರಿಸಲಾಯಿತು. ತನ್ನ ಜಮೀನಿನ ಕೆಲಸ ಹೇಗೆ ನಡೆಯುತ್ತಿದೆ ಎಂಬುದನ್ನು ರೈತನೂ ಕಣ್ಣಾರೆ ಕಾಣಲೆಂಬುದೇ ಅದರ ಉದ್ದೇಶ. ಅನುಸ್ಥಾಪನೆಯ ಸಂದೇಶಕ್ಕೂ ಇದೇ ನೀತಿ ಸಲ್ಲುತ್ತದೆ: ಕೆಲಸ ಯಾರದೋ, ಮಾತು ಅವರಿಗೆ ತಿಳಿಯಬೇಕು.

ದೊಡ್ಡಬಳ್ಳಾಪುರದ ನೇಕಾರನ ಮಗಳು, ಹೊಸಕೋಟೆ ಸೀಮೆಯ ರೈತನ ಮಗ ಗಣಕದ ಮುಂದೆ ಒಂಟಿಯಾಗಿ ಕುಳಿತಾಗ ಹೇಳಿಕೊಡಲು ಪಕ್ಕದಲ್ಲಿ ಯಾರೂ ಇಲ್ಲದಿರಬಹುದು. ಆಗ ತೆರೆಯ ಮೇಲಿನ ನಾಲ್ಕು ಸಾಲುಗಳೇ ಅವರಿಗೆ ಗುರು. ಆ ಗುರುವಿನ ಮಾತು ಸ್ಪಷ್ಟವೂ ಸತ್ಯವೂ ವಿನಯಪೂರ್ಣವೂ ಆಗಿರಬೇಕು. ನಿಮ್ಮಲ್ಲಿ ಕೆಲವರು ನಾಳೆ ತಂತ್ರಾಂಶಗಳನ್ನು ರಚಿಸುವವರಾಗಬಹುದು. ಗಣಿತದಷ್ಟೇ ಶ್ರದ್ಧೆಯಿಂದ ಕನ್ನಡವನ್ನೂ ಕಲಿತಿದ್ದರೆ, ನಿಮ್ಮ ಯಂತ್ರವು ಜನರನ್ನು ಹೆದರಿಸದು. ಅವರ ಕೈಹಿಡಿದು ನಡೆಸುವುದು.