ಆಟದಲ್ಲಿ ಮೋಸ, ಬಾಯಲ್ಲಿ ನೆಪ



ಮೊಬೈಲ್‌ನಲ್ಲಿ ಆಡುತ್ತಿರುವ ಮಗ "ಅಮ್ಮಾ, ಅವನು ಹ್ಯಾಕ್ ಹಾಕಿದ್ದಾನೆ, ಮೋಸ!" ಎಂದು ಕೂಗುವುದನ್ನು ನಮ್ಮಲ್ಲಿ ಹಲವರು ಕೇಳಿದ್ದೇವೆ. ಏನಿದು ಮೋಸ? ಗುಂಡು ಹಾರಿಸುವ ಆಟಗಳಲ್ಲಿ ಕೆಲವರು ಕಳ್ಳ ಆ್ಯಪ್ ಹಾಕಿಕೊಳ್ಳುತ್ತಾರೆ. ಆಗ ಗೋಡೆಯ ಆಚೆ ಅಡಗಿದವನೂ ಕಾಣುತ್ತಾನೆ, ಗುರಿ ತಾನಾಗಿಯೇ ಕೂರುತ್ತದೆ. ಚೆಸ್ ಆಟದಲ್ಲಾದರೆ ಕಂಪ್ಯೂಟರ್ ಹೇಳಿಕೊಟ್ಟ ನಡೆಯನ್ನು ತಮ್ಮದೆಂದು ನಡೆಸುತ್ತಾರೆ.

ಒಂದು ನಿಜ ಘಟನೆ

2021ರ ಜೂನ್ 13ರಂದು ಕೋವಿಡ್ ಪರಿಹಾರಕ್ಕೆ ಹಣ ಕೂಡಿಸಲು ಆನ್‌ಲೈನ್ ಚೆಸ್ ಪಂದ್ಯ ನಡೆಯಿತು. ಹಣ ಅಕ್ಷಯ ಪಾತ್ರ ಫೌಂಡೇಶನ್‌ಗೆ. ಐದು ಬಾರಿ ವಿಶ್ವ ಚಾಂಪಿಯನ್ ಆದ ವಿಶ್ವನಾಥನ್ ಆನಂದ್ ಅವರು ಹಲವು ಗಣ್ಯರ ಜೊತೆ ಆಡಿದರು. ನಮ್ಮ ನಟ ಸುದೀಪ್ ಕೂಡ ಇದ್ದರು. ಬೆಂಗಳೂರಿನ ಉದ್ಯಮಿ ನಿಖಿಲ್ ಕಾಮತ್ ಅವರು ಆನಂದ್ ಅವರನ್ನೇ ಸೋಲಿಸಿದಾಗ ಜನ ಬೆರಗಾದರು, ಅನುಮಾನವನ್ನೂ ಪಟ್ಟರು.

ಮರುದಿನ ಅವರೇ ಒಪ್ಪಿಕೊಂಡರು: ಆಟ ಬಲ್ಲವರ ಮತ್ತು ಕಂಪ್ಯೂಟರ್‌ನ ಸಹಾಯ ಸಿಕ್ಕಿತ್ತು, ಇದು ತಮಾಷೆಗೆ, ದಾನಕ್ಕೆ ಆಡಿದ್ದು, ಇಷ್ಟು ಗೊಂದಲವಾದೀತೆಂದು ತಿಳಿದಿರಲಿಲ್ಲ, ಕ್ಷಮಿಸಿ. ಆನಂದ್ ಅವರು ಬೈಯಲಿಲ್ಲ. ತಾವು ಹಲಗೆಯ ಮೇಲಿದ್ದ ಆಟವನ್ನಷ್ಟೇ ಆಡಿದ್ದಾಗಿಯೂ, ಎಲ್ಲರಿಂದಲೂ ಅದನ್ನೇ ಬಯಸಿದ್ದಾಗಿಯೂ ಹೇಳಿದರು. ಪಂದ್ಯ ನಡೆದ ಚೆಸ್ ಡಾಟ್ ಕಾಮ್ ಕಾಮತ್ ಅವರ ಖಾತೆಯನ್ನು ಮುಚ್ಚಿ, ಆಮೇಲೆ ಮತ್ತೆ ತೆರೆಯಿತು.

ನೆಪಗಳು ಎಲ್ಲ ಕಡೆ ಒಂದೇ

1. "ಇದು ಬರೀ ಆಟ." ಆದರೆ ಎದುರು ಕೂತವನು ಮನಸ್ಸಿಟ್ಟು ಆಡುತ್ತಿರುತ್ತಾನೆ.

2. "ಎಲ್ಲರೂ ಮಾಡ್ತಾರೆ." ಎಲ್ಲರೂ ಮಾಡಿದರೆ ಆಟವೇ ಉಳಿಯುವುದಿಲ್ಲ.

3. "ಅವನೇ ಮೊದಲು ಮಾಡಿದ್ದು." ಹೀಗಂದು ತಾನೂ ಮೋಸಕ್ಕಿಳಿದರೆ, ಮೂರನೆಯವನಿಗೂ ಅದೇ ನೆಪ ಸಿಗುತ್ತದೆ.

4. "ಒಳ್ಳೇ ಕೆಲಸಕ್ಕೆ ತಾನೇ?" ಇದು ಎಲ್ಲಕ್ಕಿಂತ ಅಪಾಯದ ನೆಪ. ಒಳ್ಳೆಯವರೂ ಇದಕ್ಕೆ ಬೀಳುತ್ತಾರೆ.

ನಮ್ಮ ಸಂಘದಲ್ಲಿ

ಸಭೆಗೆ ಬಾರದ ಸದಸ್ಯೆಯ ಸಹಿಯನ್ನು ನಾವೇ ಹಾಕುವುದುಂಟು. "ಪಾಪ, ಮಗುವಿಗೆ ಜ್ವರ" ಅನ್ನುತ್ತೇವೆ. ನಡೆಯದ ಸಭೆಗೂ ನಡಾವಳಿ ಬರೆಯುತ್ತೇವೆ. "ಬ್ಯಾಂಕ್ ಸಾಲ ಸಂಘಕ್ಕೇ ಅಲ್ವಾ?" ಅನ್ನುತ್ತೇವೆ. ಪಂಚಸೂತ್ರದಲ್ಲಿ ಸರಿಯಾದ ಲೆಕ್ಕಪುಸ್ತಕವೂ ಒಂದು. ಒಂದು ಸುಳ್ಳು ಸಹಿ ಹೊರಬಿದ್ದರೆ ನಿಜವಾದ ಹತ್ತು ಸಹಿಗಳ ಮೇಲೂ ಅನುಮಾನ ಬರುತ್ತದೆ. ಬಾರದವರಿಗೆ 'ಗೈರು' ಎಂದೇ ಬರೆಯೋಣ. ತಪ್ಪಾಗಿದ್ದರೆ ಮುಂದಿನ ಸಭೆಯಲ್ಲೇ ಒಪ್ಪಿಕೊಂಡು ತಿದ್ದೋಣ. ಒಪ್ಪಿಕೊಂಡವರನ್ನು ಹಂಗಿಸದಿರೋಣ, ಹಂಗಿಸಿದರೆ ನಾಳೆ ಯಾರೂ ಬಾಯಿ ಬಿಡುವುದಿಲ್ಲ.

ಮನೆಯಲ್ಲಿ

ಕಳ್ಳ ಆ್ಯಪ್‌ನ ಜೊತೆ ಫೋನಿನ ಮಾಹಿತಿ ಕದಿಯುವ ವೈರಸ್ಸೂ ಬರಬಹುದು. ನಮ್ಮ ಬ್ಯಾಂಕ್ ವ್ಯವಹಾರ ಇರುವುದೂ ಅದೇ ಫೋನಿನಲ್ಲಿ. ಗೊತ್ತಿಲ್ಲದ ಕಡೆಯಿಂದ ಏನನ್ನೂ ಹಾಕಿಕೊಳ್ಳಬಾರದೆಂದು ಮಕ್ಕಳಿಗೆ ಹೇಳೋಣ. ಸೋತು ಬಂದ ಮಗುವಿಗೆ "ಸರಿಯಾಗಿ ಆಡಿದ್ಯಲ್ಲ, ಸಾಕು" ಅನ್ನೋಣ.

ಚರ್ಚೆಗೆ

* "ಒಳ್ಳೇದಕ್ಕೆ ತಾನೇ" ಎಂದು ನಾವು ಯಾವಾಗ ಸುಳ್ಳು ಬರೆದಿದ್ದೇವೆ?
* ತಪ್ಪು ಒಪ್ಪಿಕೊಂಡ ಸದಸ್ಯೆಯೊಂದಿಗೆ ನಾವು ಹೇಗೆ ನಡೆದುಕೊಂಡೆವು?
* ಈ ತಿಂಗಳ ಹಾಜರಾತಿಯನ್ನು ಎಲ್ಲರೂ ಸೇರಿ ಓದಿ. ಅದರಲ್ಲಿರುವುದೆಲ್ಲ ನಿಜವೇ?